ಹಳೇ ಸ್ಟೀರಿಯೋದ ಶಬ್ದ ನಿಜಕ್ಕೂ ಅಷ್ಟು ಚೆನ್ನಾಗಿತ್ತಾ?

ನಮ್ಮ ಮನೆಗೆ ಮೊದಲ ಸಲ ಬಂದವರ ಕಣ್ಣು ಹಾಲಿನಲ್ಲಿರುವ ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆಗಳ ಮೇಲೆ ನಿಲ್ಲುತ್ತದೆ. ಆಮೇಲೆ ಅವುಗಳ ನಡುವೆ ಇರುವ ಆಂಪ್ಲಿಫೈಯರ್, ರೆಕಾರ್ಡ್ ಪ್ಲೇಯರ್, ಕ್ಯಾಸೆಟ್ ಡೆಕ್. ಕಾಫಿ ಮುಗಿಯುವಷ್ಟರಲ್ಲಿ ಪ್ರಶ್ನೆ ಬಂದೇ ಬರುತ್ತದೆ. ಚಿಕ್ಕವರಾದರೆ, "ಇದರ ಸೌಂಡು ನಿಜವಾಗ್ಲೂ ಫೋನಿಗಿಂತ ಚೆನ್ನಾಗಿರುತ್ತಾ? ಇಲ್ಲ ಸುಮ್ನೆ ನೆನಪಿಗೆ ಅಂತ ಇಟ್ಕೊಂಡಿದ್ದೀರಾ?" ಅನ್ನುತ್ತಾರೆ. ಐವತ್ತು ದಾಟಿದವರು ಅದನ್ನೇ ತಿರುಗಿಸಿ ಕೇಳುತ್ತಾರೆ. "ನಮ್ಮನೇಲೂ ಇತ್ತು ಕಣ್ರೀ, ಮನೆ ಬದಲಾಯಿಸುವಾಗ ಗುಜರಿಗೆ ಹಾಕ್ಬಿಟ್ವಿ. ಆ ಶಬ್ದ ಈಗ ಎಲ್ಲಿ ಬರುತ್ತೆ, ಅಲ್ವಾ?"

ಇಬ್ಬರಿಗೂ ನನ್ನ ಉತ್ತರ ಒಂದೇ. ಅಳತೆ ಹಿಡಿದು ನೋಡಿದರೆ ಹಳೇದು ಹಿಂದೆ ಬೀಳುತ್ತದೆ. ಕೆಲವು ವಿಷಯಗಳಲ್ಲಿ ಮಾತ್ರ ಅದು ಇವತ್ತಿಗೂ ಮುಂದಿದೆ. ಆದರೆ ಆ ಪೆಟ್ಟಿಗೆಗಳ ಮೇಲೆ ನನಗಿರುವ ಪ್ರೀತಿಗೆ ಶಬ್ದ ಅರ್ಧ ಕಾರಣ ಅಷ್ಟೇ. ಇಡೀ ಮನೆಗೆ ಅದು ಒಂದೇ ಒಂದು ಇತ್ತು ಅನ್ನುವುದು ಇನ್ನರ್ಧ. ಎರಡನ್ನೂ ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲು ನಮ್ಮ ಮನೆಯಲ್ಲಿ ಏನಿತ್ತು ಅಂತ ಹೇಳಿಬಿಡುತ್ತೇನೆ. ನಾನು ಬೆಳೆದದ್ದು ಚಾಮರಾಜಪೇಟೆಯಲ್ಲಿ. ತಾತನ ಕಾಲದ ವಾಲ್ವ್ ರೇಡಿಯೋ ಒಂದಿತ್ತು. ಆಗ ರೇಡಿಯೋಗೂ ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಕಟ್ಟಬೇಕಿತ್ತು. ಅದರ ಪುಟ್ಟ ಪುಸ್ತಕ ಇವತ್ತಿಗೂ ಅಮ್ಮನ ಟ್ರಂಕಿನಲ್ಲಿದೆ. ಆಮೇಲೆ ರೆಕಾರ್ಡ್ ಪ್ಲೇಯರ್ ಬಂತು. ಅದರ ಹಿಂದೆಯೇ ಸೋದರಮಾವ ಕೈಯಾರೆ ಮಾಡಿಕೊಟ್ಟ ಸ್ಟೀರಿಯೋ ಆಂಪ್ಲಿಫೈಯರ್ ಬಂತು.

ಕೈಯಾರೆ ಅಂದದ್ದು ಬೆಂಗಳೂರಿನವರಿಗೆ ಆಶ್ಚರ್ಯ ಆಗಲಾರದು. ಜಾಲಹಳ್ಳಿಯ ಬಿಇಎಲ್, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್, 1954ರಲ್ಲಿ ಶುರುವಾದ ಕಾರ್ಖಾನೆ. ರೇಡಿಯೋ ವಾಲ್ವ್‌ಗಳು, ಟ್ರಾನ್ಸಿಸ್ಟರ್‌ಗಳು ಅಲ್ಲೇ ತಯಾರಾಗುತ್ತಿದ್ದವು. ದೂರವಾಣಿನಗರದಲ್ಲಿ ಟೆಲಿಫೋನ್ ತಯಾರಿಸುವ ಐಟಿಐ ಕಾರ್ಖಾನೆ ಇತ್ತು. ಎಚ್‌ಎಎಲ್, ಎಚ್‌ಎಂಟಿ ಇದ್ದವು. ಹಾಗಾಗಿ ಯಾವ ಬೀದಿಗೆ ಹೋದರೂ ಸೋಲ್ಡರಿಂಗ್ ಐರನ್ ಹಿಡಿಯಲು ಬರುವವರು ಒಬ್ಬಿಬ್ಬರು ಸಿಗುತ್ತಿದ್ದರು. ನಮ್ಮ ಮಾವ ಬಿಇಎಲ್‌ನಲ್ಲಿದ್ದರು. ಭಾನುವಾರ ಬಂತೆಂದರೆ ಅವರ ಮನೆಯ ಹಿಂದಿನ ರೂಮಿನಲ್ಲಿ ಸೀಸ ಕರಗಿದ ವಾಸನೆ. ಯಾರಾದರೂ ನೆಂಟರು ಆಂಪ್ಲಿಫೈಯರ್ ಬೇಕು ಅಂದರೆ ಮಾವ ಒಂದು ಪಟ್ಟಿ ಬರೆದು ಎಸ್.ಪಿ. ರೋಡಿಗೆ ಹೊರಡುತ್ತಿದ್ದರು.

ಎಸ್.ಪಿ. ರೋಡು ಅಂದರೆ ಸಾದರ ಪತ್ರಪ್ಪ ರಸ್ತೆ, ಟೌನ್‌ಹಾಲಿನ ಹತ್ತಿರ. ಈಗ ಅಲ್ಲಿ ಕಂಪ್ಯೂಟರ್ ಸಾಮಾನು ಜಾಸ್ತಿ. ಆಗ ರೆಸಿಸ್ಟರ್, ಕಂಡೆನ್ಸರ್, ಟ್ರಾನ್ಸ್‌ಫಾರ್ಮರ್, ಸ್ಪೀಕರ್, ನಾಬುಗಳದ್ದೇ ರಾಜ್ಯ. ಮಾವನ ಜೊತೆ ಹೋಗುವುದೆಂದರೆ ನನಗೆ ಹಬ್ಬ. ಸಣ್ಣ ಅಂಗಡಿ, ಗೋಡೆ ತುಂಬ ಪುಟ್ಟ ಪುಟ್ಟ ಡ್ರಾಯರು. ಮಾವ ಕೇಳಿದ ಅಳತೆಯ ರೆಸಿಸ್ಟರನ್ನು ಅಂಗಡಿಯವರು ನೋಡದೆಯೇ ಕೈ ಹಾಕಿ ತೆಗೆದುಕೊಡುತ್ತಿದ್ದರು. ಟ್ರಾನ್ಸ್‌ಫಾರ್ಮರ್ ಬೇಕಾದರೆ ಎಷ್ಟು ವೋಲ್ಟು, ಎಷ್ಟು ಆಂಪಿಯರ್ ಅಂತ ಹೇಳಿದರೆ ಸುತ್ತಿಸಿಕೊಡುತ್ತಿದ್ದರು.

ನಮ್ಮ ಆಂಪ್ಲಿಫೈಯರಿನ ಜೀವ 2ಎನ್3055 ಅನ್ನುವ ಪವರ್ ಟ್ರಾನ್ಸಿಸ್ಟರ್. ಇಲ್ಲಿ ಕೈಯಿಂದ ಜೋಡಿಸಿದ ಎಷ್ಟೋ ಆಂಪ್ಲಿಫೈಯರ್‌ಗಳಲ್ಲಿ ಅದೇ ಇರುತ್ತಿತ್ತು. ದಪ್ಪ ಲೋಹದ ಟೋಪಿಯಂಥ ಆಕಾರ, ಕೆಳಗೆ ಎರಡೇ ಕಾಲು. ಮೂರನೇ ಕನೆಕ್ಷನ್ ಅದರ ಲೋಹದ ಮೈಯೇ. ಹಾಗಾಗಿ ಅದನ್ನು ಶಾಖ ಹೊರಹಾಕುವ ಅಲ್ಯೂಮಿನಿಯಂ ಹೀಟ್‌ಸಿಂಕಿಗೆ ನೇರವಾಗಿ ಬಿಗಿಯುವ ಹಾಗಿಲ್ಲ. ಮಧ್ಯೆ ತೆಳುವಾದ ಅಭ್ರಕದ ಹಾಳೆ ಇಡಬೇಕು. ಎರಡೂ ಕಡೆ ಬಿಳಿ ಪೇಸ್ಟು ಹಚ್ಚಬೇಕು. ಶಾಖ ದಾಟಬೇಕು, ಕರೆಂಟು ದಾಟಬಾರದು. ಮಾವ ಇದನ್ನು ಬಾಯಲ್ಲಿ ಹೇಳಿಕೊಡಲಿಲ್ಲ. ಹಾಳೆಯನ್ನು ನನ್ನ ಕೈಗೇ ಕೊಟ್ಟು ಇಡಿಸಿದರು.

ಸ್ಪೀಕರ್ ಪೆಟ್ಟಿಗೆಯನ್ನು ನಮ್ಮ ಬೀದಿಯ ಬಡಗಿ ಮಾಡಿದ್ದು. ಮುಕ್ಕಾಲು ಇಂಚಿನ ಪ್ಲೈವುಡ್, ಮೇಲೆ ತೇಗದ ಬಣ್ಣದ ಸನ್‌ಮೈಕಾ. ಒಳಗೆ ಗ್ಲಾಸ್‌ವುಲ್ ತುಂಬಿದರು. ಅದನ್ನು ಮುಟ್ಟಿದರೆ ಸಂಜೆಯವರೆಗೆ ಕೈ ತುರಿಕೆ. ದಪ್ಪ ಶಬ್ದಕ್ಕೆ 8 ಇಂಚಿನ ಒಂದು ವೂಫರ್, ಮೇಲೆ ತೆಳು ಶಬ್ದಕ್ಕೆ ಒಂದು ಟ್ವೀಟರ್. ಟ್ವೀಟರಿಗೆ ಒಂದು ಕಂಡೆನ್ಸರ್, ದಪ್ಪ ಶಬ್ದ ಅದರೊಳಗೆ ಹೋಗದ ಹಾಗೆ ತಡೆಯಲು. ಕೊನೆಗೆ ಮಾವ ಒಂದು ಟಾರ್ಚ್ ಸೆಲ್ಲು ತೆಗೆದು ಸ್ಪೀಕರಿನ ವೈರುಗಳಿಗೆ ಕ್ಷಣ ಮಾತ್ರ ಮುಟ್ಟಿಸಿದರು. ಕೋನ್ ಟಕ್ ಅಂತ ಮುಂದೆ ಬಂತು. "ಎರಡೂ ಡಬ್ಬದಲ್ಲಿ ಮುಂದಕ್ಕೇ ಬರಬೇಕು ಮರಿ. ಒಂದು ಮುಂದೆ, ಒಂದು ಹಿಂದೆ ಹೋದ್ರೆ ಒಂದರ ಶಬ್ದವನ್ನು ಇನ್ನೊಂದು ತಿಂದುಹಾಕುತ್ತೆ" ಅಂದರು. ಇದು ಇವತ್ತಿಗೂ ಅಷ್ಟೇ ನಿಜ. ಸ್ಪೀಕರಿನ ಕೆಂಪು ಕಪ್ಪು ವೈರು ಒಂದು ಕಡೆ ಅದಲುಬದಲಾದರೆ ಬಾಸ್, ಅಂದರೆ ದಪ್ಪ ಶಬ್ದ, ಮಾಯವಾಗುತ್ತದೆ. ಹಾಡುವವರ ದನಿ ನಡುವೆ ನಿಲ್ಲದೆ ಎಲ್ಲೆಲ್ಲೋ ಹರಡಿಕೊಳ್ಳುತ್ತದೆ. ಹಳೇ ಸೆಟ್ಟಿನ ಶಬ್ದ ಚೆನ್ನಾಗಿಲ್ಲ ಅನ್ನುವವರ ಮನೆಯಲ್ಲಿ ನಾನು ಮೊದಲು ನೋಡುವುದೇ ಇದನ್ನು.

ಈಗ ಶಬ್ದದ ವಿಷಯಕ್ಕೆ ಬರುತ್ತೇನೆ.

ಎಲ್‌ಪಿ ರೆಕಾರ್ಡನ್ನು ಹೊಗಳುವವರು ಒಂದು ಸಂಗತಿಯನ್ನು ಹೇಳುವುದೇ ಇಲ್ಲ. 12 ಇಂಚಿನ ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಹೊರ ಅಂಚಿನಲ್ಲಿ ಸುತ್ತಳತೆ ದೊಡ್ಡದು. ಅಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೆರೆ ಸರಿದುಹೋಗುತ್ತದೆ. ಕೊನೆಯ ಹಾಡಿಗೆ ಬರುವಷ್ಟರಲ್ಲಿ ಅದು 20ರ ಹತ್ತಿರಕ್ಕೆ ಇಳಿದಿರುತ್ತದೆ. ಅಷ್ಟೇ ಹಾಡನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದ ಹಾಗೆ. ಅದಕ್ಕೇ ಪ್ರತಿ ಸೈಡಿನ ಕೊನೆಯ ಹಾಡು ಸ್ವಲ್ಪ ಮಂಕು. ದನಿ ಏರಿದಾಗ ಸ್ವಲ್ಪ ಒಡಕು. ಸೂಜಿ ಸವೆದಿದ್ದರಂತೂ ಕೇಳುವುದೇ ಬೇಡ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಸೂಜಿ ಬದಲಾಯಿಸುತ್ತಲೇ ಇರಲಿಲ್ಲ. ನೀಲಮಣಿ ಸೂಜಿ ಬೇಗ ಸವೆಯುತ್ತದೆ, ವಜ್ರದ್ದು ನೂರಾರು ಗಂಟೆ ಬಾಳುತ್ತದೆ. ಎರಡಕ್ಕೂ ಕೊನೆ ಅಂತ ಒಂದಿದೆ. ಸವೆದ ಸೂಜಿ ರೆಕಾರ್ಡನ್ನೇ ಕೊರೆಯುತ್ತದೆ. ಈಗ ಗುಜರಿಯಲ್ಲಿ ಸಿಗುವ ಎಷ್ಟೋ ಒಳ್ಳೇ ರೆಕಾರ್ಡುಗಳು ಹಾಗೆ ಕೊರೆಸಿಕೊಂಡವು.

ಕ್ಯಾಸೆಟ್ಟಿನ ಕಥೆ ಇನ್ನೂ ಬಿಗಿ. 1963ರಲ್ಲಿ ಫಿಲಿಪ್ಸ್ ಅದನ್ನು ತಂದದ್ದು. ಮೊದಲಿಗೆ ಮಾತು ರೆಕಾರ್ಡ್ ಮಾಡುವುದಕ್ಕೇ ಅದು ಸರಿ ಅಂದುಕೊಂಡಿದ್ದರು. ಟೇಪಿನ ಅಗಲ 4 ಮಿ.ಮೀ.ಗೂ ಕಡಿಮೆ. ಅಷ್ಟರಲ್ಲೇ ನಾಲ್ಕು ಟ್ರ್ಯಾಕು, ಎರಡು ಈ ಸೈಡಿಗೆ, ಎರಡು ಆ ಸೈಡಿಗೆ. ಟೇಪು ಓಡುವುದು ಸೆಕೆಂಡಿಗೆ 4.76 ಸೆಂ.ಮೀ. ಮಾತ್ರ. ಇಷ್ಟು ಕಿರಿದಾದ, ಇಷ್ಟು ನಿಧಾನವಾದ ಟೇಪಿನಲ್ಲಿ ಸಂಗೀತ ಬಂದದ್ದೇ ದೊಡ್ಡದು. ಹಿಂದೆ ಯಾವಾಗಲೂ ಸುಸ್ ಅನ್ನುವ ಸದ್ದು ಇರುತ್ತಿತ್ತು. ಅದನ್ನು ತಗ್ಗಿಸುವ ಡಾಲ್ಬಿ ವ್ಯವಸ್ಥೆಯಲ್ಲಿ ರೆಕಾರ್ಡ್ ಆದ ಕ್ಯಾಸೆಟ್ಟಿಗೆ ಡಾಲ್ಬಿ ಬಟನ್ ಒತ್ತಿದರೆ ಅದು ತಗ್ಗುತ್ತಿತ್ತು. ಆದರೆ ನಮ್ಮ ಹೆಚ್ಚಿನ ಕ್ಯಾಸೆಟ್‌ಗಳು ಡಾಲ್ಬಿಯಲ್ಲಿ ರೆಕಾರ್ಡ್ ಆಗಿರಲೇ ಇಲ್ಲ. ಅವಕ್ಕೂ ಆ ಬಟನ್ ಒತ್ತಿದರೆ ಸುಸ್ ಜೊತೆಗೆ ತಂಬೂರಿಯ ಮಿಂಚೂ ಹೋಗುತ್ತಿತ್ತು. ರೇಡಿಯೋ, ಕ್ಯಾಸೆಟ್ ಎರಡೂ ಇರುವ ಟೂ-ಇನ್-ಒನ್ ಸೆಲ್ಲಿನ ಮೇಲೆ ಓಡುವಾಗ ಸೆಲ್ಲು ಸೋತರೆ ಹಾಡು ಎಳೆಯುತ್ತಿತ್ತು. ಟೇಪು ಸಿಕ್ಕಿಹಾಕಿಕೊಳ್ಳುವುದು, ಪೆನ್ಸಿಲ್ ಹಾಕಿ ಸುತ್ತುವುದು, ಅದೆಲ್ಲ ಎಲ್ಲರಿಗೂ ಗೊತ್ತಿರುವುದೇ.

ಇನ್ನು ಸ್ಟೀರಿಯೋ. ನಮ್ಮಮ್ಮ ಪ್ರೀತಿಯಿಂದ ಕೇಳುತ್ತಿದ್ದ 1960ರ ದಶಕದ ಚಿತ್ರಗೀತೆಗಳು ಮೋನೋ. ಅಂದರೆ ಎರಡೂ ಪೆಟ್ಟಿಗೆಯಿಂದ ಬರುವುದು ಒಂದೇ ಶಬ್ದ. ಕಷ್ಟಪಟ್ಟು ಎರಡು ಸ್ಪೀಕರ್ ಮಾಡಿಸಿ ಒಂದೇ ಶಬ್ದ ಕೇಳುವುದಾ ಅಂತ ಅನ್ನಿಸಬಹುದು. ಹಾಗಲ್ಲ. ಎರಡೂ ಪೆಟ್ಟಿಗೆ ಸರಿಯಾಗಿದ್ದು, ನಾವು ನಟ್ಟನಡುವೆ ಕುಳಿತರೆ, ಪಿ.ಬಿ. ಶ್ರೀನಿವಾಸ್ ಅವರ ದನಿ ಎಡಗಡೆಯೂ ಅಲ್ಲ, ಬಲಗಡೆಯೂ ಅಲ್ಲ, ಮಧ್ಯದ ಗೋಡೆಯಿಂದ ಬರುತ್ತದೆ. ಅಲ್ಲಿ ಕ್ಯಾಲೆಂಡರ್ ಬಿಟ್ಟರೆ ಏನೂ ಇಲ್ಲ. ಮೊದಲ ಸಲ ಇದನ್ನು ಕೇಳಿದಾಗ ಅಮ್ಮ ಎದ್ದು ಹೋಗಿ ಆ ಗೋಡೆಯ ಹತ್ತಿರ ನಿಂತಿದ್ದರು.

ಹಾಗಾದರೆ ಹಳೇದು ಎಲ್ಲಿ ಮುಂದಿತ್ತು? ಬಾಸ್‌ನಲ್ಲಿ, ಅದರಲ್ಲೂ ಮೃದಂಗದಲ್ಲಿ. ಎಡಗೈ ಕಡೆಯ ತೊಪ್ಪಿಯ ಗುಂಕಾರ ಕೇಳಬೇಕಾದರೆ ಸ್ಪೀಕರ್ ಗಾಳಿಯನ್ನು ತಳ್ಳಬೇಕು. ಗಾಳಿ ತಳ್ಳಬೇಕಾದರೆ ಕೋನ್ ದೊಡ್ಡದಿರಬೇಕು, ಅದರ ಬೆನ್ನಿಗೆ ಒಂದು ಪೆಟ್ಟಿಗೆ ಇರಬೇಕು. ಫೋನಿನ ಸ್ಪೀಕರ್ ಉಗುರಿನಷ್ಟು. 200 ಹರ್ಟ್ಸ್‌ನ ಕೆಳಗೆ ಅದರ ಕೈಯಲ್ಲಿ ಏನೂ ಆಗದು. ಹಾಗಾಗಿ ಫೋನಿನಲ್ಲಿ ಕಛೇರಿ ಕೇಳುವವರಿಗೆ ಬಲಗೈಯ ಚಾಪು ಮಾತ್ರ ಕೇಳುತ್ತದೆ. ಅರ್ಧ ಮೃದಂಗ. ಒಳ್ಳೇ ಹೆಡ್‌ಫೋನಿನಲ್ಲಿ ಎಲ್ಲವೂ ಕೇಳುತ್ತದೆ, ಅದು ನಿಜ. ಆದರೆ ಬಾಸ್ ಕಿವಿಗೆ ಬರುವುದು ಬೇರೆ, ಎದೆಗೆ ಬರುವುದು ಬೇರೆ. ರಾಮನವಮಿ ಹೊತ್ತಿಗೆ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಕಛೇರಿ ಕೇಳಿದವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ತಿಳಿಯುತ್ತದೆ.

ಹಳೇ ಆಂಪ್ಲಿಫೈಯರುಗಳಲ್ಲಿ ಲೌಡ್‌ನೆಸ್ ಅಂತ ಒಂದು ಬಟನ್ ಇರುತ್ತಿತ್ತು. ಅದು ನನಗೆ ಬಹಳ ಇಷ್ಟ. ಸದ್ದು ಕಡಿಮೆಯಾದಾಗ ನಮ್ಮ ಕಿವಿಗೆ ಬಾಸ್ ಕೇಳುವುದು ಬೇರೆಲ್ಲದಕ್ಕಿಂತ ಜಾಸ್ತಿ ಇಳಿಯುತ್ತದೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಲೌಡ್‌ನೆಸ್ ಬಟನ್ ಒತ್ತಿದರೆ ಕಡಿಮೆ ಸದ್ದಿನಲ್ಲೂ ಬಾಸ್ ತುಂಬಿಕೊಳ್ಳುತ್ತದೆ. ರಾತ್ರಿ ಪಕ್ಕದ ಮನೆಯವರಿಗೆ ತೊಂದರೆ ಆಗದ ಹಾಗೆ, ತೀರಾ ಕೆಳಗಿನ ವಾಲ್ಯೂಮಿನಲ್ಲಿ, ಇಡೀ ಹಾಡನ್ನು ಕೇಳಬಹುದಿತ್ತು. ವಠಾರದಲ್ಲಿ ಬದುಕುವವರಿಗೆ ಇದು ಸಣ್ಣ ಸವಲತ್ತಲ್ಲ.

ಇನ್ನೊಂದು ವಿಷಯವನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕು. ಹಳೇ ಹಾಡುಗಳನ್ನು ಈಗ ಹೊಸದಾಗಿ ಹೊರತರುವಾಗ ಚಟಪಟ, ಸುಸ್ ಎಲ್ಲ ತೆಗೆದುಹಾಕುತ್ತೇವೆ ಅಂತ ಜೋರಾಗಿ ಫಿಲ್ಟರ್ ಹಾಕುತ್ತಾರೆ. ಜೊತೆಗೆ ಸಣ್ಣ ಸದ್ದು, ದೊಡ್ಡ ಸದ್ದು ಎಲ್ಲವನ್ನೂ ಒಂದೇ ಮಟ್ಟಕ್ಕೆ ಎಳೆಯುತ್ತಾರೆ. ಹಾಡುವವರು ಉಸಿರು ತೆಗೆದುಕೊಳ್ಳುವುದು, ಕೊಳಲಿನ ಗಾಳಿ, ತಂಬೂರಿಯ ಬಾಲ, ಎಲ್ಲ ಅದರ ಜೊತೆ ಹೋಗುತ್ತದೆ. ಒಂದೇ ಹಾಡನ್ನು ನಮ್ಮ ಮನೆಯ ರೆಕಾರ್ಡಿನಲ್ಲಿ ಮತ್ತು ಫೋನಿನಲ್ಲಿ ಹಾಕಿ ತೋರಿಸಿದಾಗ ಮೈದುನನ ಮಗ ಕಣ್ಣರಳಿಸಿದ. ಅಲ್ಲಿ ತಪ್ಪು ಫೋನಿನದ್ದಲ್ಲ. ಡಿಜಿಟಲ್‌ನದ್ದೂ ಅಲ್ಲ. ಸಿಡಿಯ ಅಳತೆಯನ್ನು ಎಲ್‌ಪಿ, ಕ್ಯಾಸೆಟ್ ಎರಡೂ ಮುಟ್ಟಲಾರವು. ತಪ್ಪು ಉಜ್ಜಿದವರ ಕೈಯದ್ದು.

ಶಬ್ದದ ಲೆಕ್ಕ ಇಷ್ಟು. ಆದರೆ ಪ್ರಶ್ನೆ ಕೇಳಿದವರು ಇಲ್ಲಿಗೇ ಏಳಲು ಹೊರಟರೆ ನಾನು ಬಿಡುವುದಿಲ್ಲ.

ನಮ್ಮ ಮನೆಯಲ್ಲಿ ಏಳು ಜನ, ಒಂದು ಸ್ಟೀರಿಯೋ. ಯಾರು ಯಾವಾಗ ಏನು ಹಾಕಬೇಕು ಅಂತ ಯಾರೂ ಬರೆದಿಟ್ಟಿರಲಿಲ್ಲ. ಆದರೂ ಒಂದು ಕ್ರಮ ತಾನಾಗಿ ಬಂದಿತ್ತು. ಬೆಳಗ್ಗೆ ಅಜ್ಜಿಯದ್ದು. ದೇವರ ಮುಂದೆ ದೀಪ ಹಚ್ಚಿದ ಮೇಲೆ ದಾಸರ ಪದ. ಭೀಮಸೇನ ಜೋಶಿಯವರ ದನಿ ಇಡೀ ಮನೆ ತುಂಬುತ್ತಿತ್ತು. ಭಾನುವಾರ ಸ್ನಾನ ಆದಮೇಲೆ ಅಪ್ಪನ ಸರದಿ. ಅವರದು ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್. ಮಧ್ಯಾಹ್ನ ಊಟದ ನಂತರ ಅಮ್ಮನ ಚಿತ್ರಗೀತೆ. ಸಂಜೆ ಕಾಲೇಜಿನಿಂದ ಬರುತ್ತಿದ್ದ ಚಿಕ್ಕಮ್ಮನಿಗೆ ಭಾವಗೀತೆ ಹುಚ್ಚು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಅವರ ಕ್ಯಾಸೆಟ್ಟುಗಳ ಸಾಲೇ ಇತ್ತು. ಅಣ್ಣ ದೊಡ್ಡವನಾದ ಮೇಲೆ ಇಳಯರಾಜ ಬಂದರು, ವಿದೇಶಿ ಪಾಪ್ ತಂಡ ಆಬ್ಬಾ ಬಂತು, ಬೋನಿ ಎಂ ಬಂತು.

ನಾನೇ ಕಿರಿಯವಳು. ನನ್ನ ಸರದಿ ಕಡಿಮೆ. ಆದರೆ ಈಗ ಯೋಚಿಸಿದರೆ ಅದರಿಂದ ನನಗೆ ಸಿಕ್ಕಿದ್ದೇ ಜಾಸ್ತಿ. ನನ್ನ ಕಿವಿ ಬೆಳೆದದ್ದು ಪೂರ್ತಿ ಬೇರೆಯವರು ಆರಿಸಿದ ಹಾಡಿನಿಂದ. ಮನ್ಸೂರರ ಹಾಡುಗಾರಿಕೆ ಮಕ್ಕಳಿಗೆ ಬೇಗ ಒಲಿಯುವಂಥದ್ದಲ್ಲ. ಎಲ್‌ಪಿಯ ಒಂದು ಸೈಡು ಅಂದರೆ ಇಪ್ಪತ್ತು ನಿಮಿಷದ ಮೇಲೆ. ಒಂದು ರಾಗ ಸೈಡಿನುದ್ದಕ್ಕೂ ಹೋಗುತ್ತಿತ್ತು. ನಾನು ಹಾಲಿನಲ್ಲೇ ಹೋಂವರ್ಕ್ ಮಾಡಬೇಕು, ಬೇರೆ ರೂಮಿಲ್ಲ. ಕೇಳದೆ ವಿಧಿಯಿಲ್ಲ. ಎಷ್ಟೋ ಭಾನುವಾರ ಹಾಗೇ ಕಳೆದವು. ಬರಬರುತ್ತಾ ಅಪ್ಪ ರೆಕಾರ್ಡ್ ಹಾಕಿದ ತಕ್ಷಣ, ಮುಂದೆ ಮನ್ಸೂರರು ಎಲ್ಲಿ ತಿರುಗುತ್ತಾರೆ ಅಂತ ನನಗೆ ಮೊದಲೇ ಗೊತ್ತಾಗುತ್ತಿತ್ತು. ಆ ತಿರುವು ಬಂದಾಗ ಪೆನ್ಸಿಲ್ ನಿಂತುಹೋಗುತ್ತಿತ್ತು. ಯಾರೂ ನನಗೆ ರಾಗ ಕಲಿಸಿರಲಿಲ್ಲ. ನನಗೆ ಬೇಕಾದ್ದನ್ನು ಮಾತ್ರ ಕೇಳುವ ಅನುಕೂಲ ಇದ್ದಿದ್ದರೆ ನಾನು ಖಂಡಿತ ಅದನ್ನು ಮುಟ್ಟುತ್ತಿರಲಿಲ್ಲ.

ಅಪ್ಪನಿಗೂ ಹೀಗೇ ಆಯಿತು. ಅಣ್ಣನ ಇಳಯರಾಜ ಕ್ಯಾಸೆಟ್ ಓಡುವಾಗ ಪೇಪರ್ ಓದುತ್ತಿದ್ದವರು, ಒಮ್ಮೆ ಪೇಪರ್ ಇಳಿಸಿ, "ಆ ಪಿಟೀಲು ಇನ್ನೊಂದ್ಸಲ ಹಾಕೋ" ಅಂದರು. ಅಣ್ಣನಿಗೆ ಅವತ್ತು ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಜ್ಜಿಗೆ ಬೋನಿ ಎಂ ತಾಳ ಹಿಡಿಸಿತ್ತು. ಅರ್ಥ ಕೇಳುತ್ತಿರಲಿಲ್ಲ.

ಸ್ಟೀರಿಯೋಗೆ ಮನೆಯಲ್ಲಿ ಒಂದು ಜಾಗ ಇತ್ತು. ಅದರ ಮೇಲೆ ಅಮ್ಮ ಹೆಣೆದ ಕ್ರೋಶಾ ಹೊದಿಕೆ. ಆಯುಧಪೂಜೆಗೆ ಅದಕ್ಕೂ ಅರಿಶಿನ ಕುಂಕುಮ, ಒಂದು ಮೊಳ ಸೇವಂತಿಗೆ. ಹಾಡು ಕೇಳಬೇಕಾದರೆ ಅದಿರುವ ಕಡೆಗೆ ನಾವು ಹೋಗಬೇಕು. ಹೋದರೆ ಅಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಜಗಳವೂ ಆಗುತ್ತಿತ್ತು, ಸುಳ್ಳು ಯಾಕೆ. ವಿವಿಧ ಭಾರತಿಯೋ ಕ್ಯಾಸೆಟ್ಟೋ ಅಂತ ಅಣ್ಣನಿಗೂ ಚಿಕ್ಕಮ್ಮನಿಗೂ ದಿನಾ ನಡೆಯುತ್ತಿತ್ತು. ಆದರೆ ಜಗಳ ಆಡಲಿಕ್ಕೂ ಒಂದೇ ಕೋಣೆಯಲ್ಲಿ ಇರಬೇಕಲ್ಲ.

ರೆಕಾರ್ಡಿಂಗ್ ಅಂಗಡಿಯ ಮಾತು ಹೇಳದೆ ಇದು ಮುಗಿಯುವುದಿಲ್ಲ. ಆಗ ಬೆಂಗಳೂರಿನ ಬಹಳ ಬಡಾವಣೆಗಳಲ್ಲಿ ಅಂಥ ಅಂಗಡಿ ಇರುತ್ತಿತ್ತು. ಗೋಡೆ ತುಂಬ ಎಲ್‌ಪಿ. ಒಂದು ಟೇಬಲ್ ಮೇಲೆ ಎರಡು ಡೆಕ್. ನಾವು ಟಿಡಿಕೆ ಅಥವಾ ಸೋನಿ ಖಾಲಿ ಕ್ಯಾಸೆಟ್ ಕೊಂಡು, ಬೇಕಾದ ಹಾಡುಗಳ ಪಟ್ಟಿ ಬರೆದುಕೊಡಬೇಕು. ಸಿ-60 ಅಂದರೆ ಸೈಡಿಗೆ 30 ನಿಮಿಷ. ಸೈಡಿಗೆ ಎಂಟು ಹಾಡು ಹಿಡಿಸಿದರೆ ಹೆಚ್ಚು. ಆ ಎಂಟು ಹಾಡನ್ನು ಆರಿಸುವುದಕ್ಕೆ ಮನೆಯಲ್ಲಿ ಎರಡು ದಿನ ಸಭೆ. ಅಮ್ಮನದ್ದು ಮೂರು, ಚಿಕ್ಕಮ್ಮನದ್ದು ಎರಡು, ಹೀಗೆ ಪಾಲು. ಸಿ-90 ತೆಗೆದುಕೊಳ್ಳೋಣ ಅಂದರೆ ಮಾವ ಬೇಡ ಅನ್ನುತ್ತಿದ್ದರು. ಅಷ್ಟೇ ಡಬ್ಬಿಯಲ್ಲಿ ಜಾಸ್ತಿ ಟೇಪು ಹಿಡಿಸಬೇಕೆಂದರೆ ಟೇಪನ್ನು ತೆಳ್ಳಗೆ ಮಾಡಿರುತ್ತಾರೆ, ಬೇಗ ಸಿಕ್ಕಿಕೊಳ್ಳುತ್ತದೆ ಅಂತ. ಸೈಡಿನ ಕೊನೆಗೆ ಎರಡು ಮೂರು ನಿಮಿಷ ಉಳಿದರೆ ಅಂಗಡಿಯವರು ತಮಗೆ ಇಷ್ಟವಾದ ಒಂದು ಹಾಡನ್ನು ಸೇರಿಸುತ್ತಿದ್ದರು. ನಾನು ಮೊದಲ ಸಲ ಬಾಲಮುರಳಿಕೃಷ್ಣ ಅವರ ದನಿ ಕೇಳಿದ್ದು ಹಾಗೆ, ಅಮ್ಮನ ಚಿತ್ರಗೀತೆಗಳ ಹಿಂದೆ ಉಳಿದ ಜಾಗದಲ್ಲಿ. ಯಾರೋ ಗೊತ್ತಿಲ್ಲದವರ ಅಭಿರುಚಿಯೂ ನಮ್ಮ ಮನೆಯೊಳಗೆ ಬಂದು ಕುಳಿತಿತ್ತು.

ಇದು ಹೇಗೆ ಹೋಯಿತು ಅನ್ನುವುದನ್ನು ಬೇಗ ಹೇಳುತ್ತೇನೆ. ವಾಕ್‌ಮನ್ ಬಂತು, ಅಣ್ಣ ಕಿವಿಗೆ ಹಾಕಿಕೊಂಡು ರೂಮಿಗೆ ಹೋದ. 1990ರ ದಶಕದಲ್ಲಿ ಲೈಟು ಮಿನುಗುವ ಮ್ಯೂಸಿಕ್ ಸಿಸ್ಟಮ್‌ಗಳು ಬಂದವು. ಮೈಮೇಲೆ ಸಾವಿರಾರು ವಾಟ್ ಪಿಎಂಪಿಒ ಅಂತ ಬರೆದಿರುತ್ತಿತ್ತು. ಒಂದು ಕ್ಷಣದ ಗರಿಷ್ಠ ಲೆಕ್ಕ ಅದು. ಎಡೆಬಿಡದೆ ಕೊಡಬಲ್ಲ ನಿಜವಾದ ಶಕ್ತಿ ಅದರ ಸಣ್ಣ ಪಾಲು. ಮಾವ ಮಾಡಿದ ಆಂಪ್ಲಿಫೈಯರ್ ಮೇಲೆ ಯಾವ ಅಂಕಿಯೂ ಇರಲಿಲ್ಲ, ಆದರೆ ಕಿಟಕಿ ಗಾಜು ಅದುರುತ್ತಿತ್ತು. ಆಮೇಲೆ ಸಿಡಿ, ಎಂಪಿ3. 2001ರಲ್ಲಿ ಬೆಂಗಳೂರಿಗೆ ಮೊದಲ ಖಾಸಗಿ ಎಫ್‌ಎಂ ಬಂತು. ಒಬ್ಬೊಬ್ಬರಿಗೆ ಒಂದೊಂದು ಯಂತ್ರ ಆಯಿತು. ನಮ್ಮ ಸ್ಟೀರಿಯೋ ಅಟ್ಟ ಸೇರಿತು.

ಅದನ್ನು ಕೆಳಗಿಳಿಸಿದ್ದು ಹಳೇ ಮನೆ ಖಾಲಿ ಮಾಡುವಾಗ. ಅಣ್ಣ, ನಾನು, ಮಾವನ ಮಗ ಸೇರಿ ರಿಪೇರಿ ಮಾಡಿದೆವು. ಈಗ ಅದು ನನ್ನ ಮನೆಯ ಹಾಲಿನಲ್ಲಿದೆ. ಕ್ಯಾಸೆಟ್ ಡೆಕ್ಕಿನ ಬೆಲ್ಟು ಕರಗಿ ಟಾರಿನ ಹಾಗೆ ಅಂಟಿತ್ತು. ವಾಲ್ಯೂಮ್ ತಿರುಗಿಸಿದರೆ ಕರಕರ. ಎಸ್.ಪಿ. ರೋಡಿನಲ್ಲಿ ಹಳೇ ಅಂಗಡಿ ಈಗ ಮೊಬೈಲ್ ಕವರ್ ಮಾರುತ್ತದೆ. ಆದರೆ ಎರಡು ಓಣಿ ಆಚೆ ಹೋದರೆ ಕಂಡೆನ್ಸರು, ಬೆಲ್ಟು ಎರಡೂ ಸಿಗುತ್ತವೆ. 2ಎನ್3055 ಇವತ್ತಿಗೂ ಸಿಗುತ್ತದೆ. ಅದನ್ನು ಕೈಯಲ್ಲಿ ಹಿಡಿದಾಗ ನನಗೆ ಗಂಟಲು ಕಟ್ಟಿತು.

ನಿಮ್ಮ ಅಟ್ಟದಲ್ಲೂ ಒಂದು ಇದ್ದರೆ, ದಯವಿಟ್ಟು ಇಳಿಸಿದ ತಕ್ಷಣ ಪ್ಲಗ್ ಹಾಕಬೇಡಿ. ವರ್ಷಗಟ್ಟಲೆ ಸುಮ್ಮನಿದ್ದ ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳು ಒಣಗಿರುತ್ತವೆ. ಒಮ್ಮೆಲೇ 230 ವೋಲ್ಟು ಬಿದ್ದರೆ ಒಡೆಯಬಹುದು, ಟ್ರಾನ್ಸ್‌ಫಾರ್ಮರ್ ಸುಡಬಹುದು. ರಿಪೇರಿಯವರು ಮೊದಲು ಒಂದು 60 ವಾಟಿನ ಹಳೇ ಥರದ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ ನೋಡುತ್ತಾರೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿಯುತ್ತದೆ, ಸೆಟ್ಟು ಉಳಿಯುತ್ತದೆ. ಗೊತ್ತಿರುವವರ ಕೈಯಲ್ಲೇ ಇದನ್ನು ಮಾಡಿಸಿ. ಸ್ಪೀಕರಿನ ಸುತ್ತ ಸ್ಪಾಂಜಿನ ಅಂಚಿದ್ದರೆ ಅದು ಪುಡಿಯಾಗಿರುತ್ತದೆ. ಅಷ್ಟಕ್ಕೇ ಸ್ಪೀಕರ್ ಎಸೆಯಬೇಡಿ, ಅಂಚು ಮಾತ್ರ ಬದಲಾಯಿಸಬಹುದು. ಬಟ್ಟೆ ಅಥವಾ ಕಾಗದದ ಅಂಚಾದರೆ ಇನ್ನೂ ಗಟ್ಟಿಯಾಗಿರುವ ಸಾಧ್ಯತೆ ಜಾಸ್ತಿ.

ಕ್ಯಾಸೆಟ್ಟುಗಳಲ್ಲಿ ಮನೆಯವರ ದನಿ ಇರುವವನ್ನು ಮೊದಲು ಬೇರೆ ಮಾಡಿ. ಅಂಗಡಿಯಿಂದ ಕೊಂಡ ಹಾಡು ಎಲ್ಲಾದರೂ ಸಿಗುತ್ತದೆ. ಅಜ್ಜಿ ಹೇಳಿದ ಹಸೆ ಹಾಡು ಇನ್ನೆಲ್ಲೂ ಇಲ್ಲ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಹಾಕಲೇಬೇಡಿ. ಅದು ಟೇಪನ್ನು ಓದುವ ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಚೆನ್ನಾಗಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ರೆಕಾರ್ಡುಗಳನ್ನು ನೆಟ್ಟಗೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಿದರೆ ಬಾಗುತ್ತವೆ. ತಾತನ ಕಾಲದ 78 ಆರ್‌ಪಿಎಂ ಪ್ಲೇಟುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಡಿ. ಅವು ಅರಗಿನವು, ಸ್ಪಿರಿಟ್ಟಿಗೆ ಕರಗುತ್ತವೆ.

ರೆಕಾರ್ಡ್ ಪ್ಲೇಯರ್ ಓಡುತ್ತದೆ ಆದರೆ ಶಬ್ದ ಇರುವೆಯಷ್ಟು ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಹೆಚ್ಚಿನ ಸಲ ಅದು ಕೆಟ್ಟಿರುವುದಿಲ್ಲ. ಸೂಜಿಯನ್ನು ಹಿಡಿದಿರುವ ಮ್ಯಾಗ್ನೆಟಿಕ್ ಕಾರ್ಟ್ರಿಡ್ಜ್ ಕೊಡುವುದು ಕೆಲವೇ ಮಿಲಿವೋಲ್ಟು. ರೆಕಾರ್ಡ್ ತಯಾರಿಸಲು ಗೆರೆ ಕೊರೆಯುವಾಗಲೇ ಬಾಸ್ ತಗ್ಗಿಸಿ, ಟ್ರೆಬಲ್, ಅಂದರೆ ತೆಳು ಶಬ್ದ, ಏರಿಸಿರುತ್ತಾರೆ. ಅದನ್ನು ಮತ್ತೆ ಸರಿ ಮಾಡುವ ಸರ್ಕಿಟ್ ಇರುವುದು ಫೋನೋ ಅಂತ ಬರೆದ ಸಾಕೆಟ್ಟಿನ ಹಿಂದೆ ಮಾತ್ರ. ಬೇರೆ ಯಂತ್ರಗಳಿಗೆಂದಿರುವ ಆಕ್ಸ್ ಸಾಕೆಟ್ಟಿಗೆ ಹಾಕಿದರೆ ಸಣ್ಣಗೆ, ಕೀರಲಾಗಿ ಕೇಳುತ್ತದೆ. ಹೊಸ ಆಂಪ್ಲಿಫೈಯರಿನಲ್ಲಿ ಫೋನೋ ಇಲ್ಲದಿದ್ದರೆ ಅದೇ ಕೆಲಸ ಮಾಡುವ ಫೋನೋ ಪ್ರೀಆಂಪ್ ಬೇರೆ ಕೊಳ್ಳಬೇಕು.

ರೆಕಾರ್ಡೂ ಇಲ್ಲ, ಕ್ಯಾಸೆಟ್ಟೂ ಇಲ್ಲ, ಬರೀ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಉಳಿದಿವೆ ಅನ್ನುವವರೂ ಅದನ್ನು ಗುಜರಿಗೆ ಕೊಡಬೇಡಿ. ಫೋನನ್ನೇ ಅದಕ್ಕೆ ಜೋಡಿಸಿ. ಹಳೇ ಆಂಪ್ಲಿಫೈಯರಿನ ಹಿಂದೆ ಐದು ತೂತಿನ ದುಂಡನೆಯ ಡಿನ್ ಸಾಕೆಟ್ ಇರಬಹುದು. ಅದಕ್ಕೆ ಹೊಂದುವ ವೈರು ಎಸ್.ಪಿ. ರೋಡಿನಲ್ಲಿ ಮಾಡಿಸಿಕೊಳ್ಳಬಹುದು. ಹಾಡು ಹಾಕುವ ಮುಂಚೆ ಫೋನಿನ ವಾಲ್ಯೂಮ್ ಮುಕ್ಕಾಲಿಗೆ ಇಡಿ, ಆಂಪ್ಲಿಫೈಯರಿನದನ್ನು ಸೊನ್ನೆಯಿಂದ ನಿಧಾನವಾಗಿ ಏರಿಸಿ. ನಮ್ಮ ಮನೆಯಲ್ಲಿ ಮಗಳು ಹಾಗೇ ತನ್ನ ಹಾಡು ಹಾಕುತ್ತಾಳೆ. ಇಯರ್‌ಫೋನ್ ತೆಗೆದು ಹಾಲಿಗೆ ಬಂದರೆ ಮೊದಲ ಹಾಡು ಅವಳದ್ದು, ಎರಡನೆಯದು ಅವಳ ಅಜ್ಜಿಯದ್ದು.